ಬಾಗುವ ತಂತಿಯೂ ಬಾಗದ ಅಕ್ಕನೂ

ದರ್ಜಿಯ ಅಂಗಡಿಗೆ ಜನ ಬಟ್ಟೆಯನ್ನಷ್ಟೇ ತರುತ್ತಾರೆ ಎಂದುಕೊಂಡವರು ಹುಣಸೂರು ಪೇಟೆಯ ನನ್ನ ಅಂಗಡಿ ಜಗಲಿಯಲ್ಲಿ ಒಂದು ವಾರ ಕೂತಿರಬೇಕಿತ್ತು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದಿದ್ದೇನೆ. ಸುಮ್ಮನೆ ಬಂದು, ಸುಮ್ಮನೆ ಅಳತೆ ಕೊಟ್ಟು, ಸುಮ್ಮನೆ ಮನೆಗೆ ಹೋದವರು ಬಹಳ ಕಡಿಮೆ. ಏನಾದರೊಂದು ಆಗುತ್ತಲೇ ಇರುತ್ತದೆ. ಅದರಲ್ಲಿ ನನ್ನ ತಪ್ಪೂ ಇದೆ ಅನ್ನಿ. ಹೊಸ ವಸ್ತುವೊಂದು ಕಣ್ಣಿಗೆ ಬಿದ್ದರೆ ಅದರ ಹೊಲಿಗೆ ಬಿಚ್ಚಿ ಒಳಗೇನಿದೆ ಎಂದು ನೋಡುವ ತನಕ ನನಗೆ ಅನ್ನ ಇಳಿಯುವುದಿಲ್ಲ. ಆ ಚಾಳಿಯಿಂದ ಒಂದೇ ವರ್ಷದಲ್ಲಿ ಆದ ಪ್ರಸಂಗಗಳಿವು. ಪಕ್ಕದ ಎಡತೊರೆಗೆ ಇನ್ನೂ ಮಹಾರಾಜರ ಹೆಸರಿಟ್ಟಿರಲಿಲ್ಲ, ಎಡತೊರೆ ಎಂದೇ ಕರೆಯುತ್ತಿದ್ದ ಕಾಲ.

೧. ಗಂಟಿನಲ್ಲಿ ಬಂದದ್ದು

ಒಂದು ಬೆಳಿಗ್ಗೆ ಕೊಡಗಿನ ಕಡೆಯ ಕಾಫಿ ತೋಟದಿಂದ ಬಟ್ಲರ್ ಬಂದ. ತೋಟದ ದೊರೆಸಾನಿಯ ಬಟ್ಟೆಗಳನ್ನು ರಿಪೇರಿಗೆ ತರುತ್ತಿದ್ದವನು ಅವನೇ. ಅವತ್ತು ಮಾತ್ರ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು, ಅಂಗಡಿ ಖಾಲಿಯಾಗಲಿ ಎಂದು ಕಾಯುತ್ತ ನಿಂತ. ನನ್ನ ಅಂಗಡಿ ಖಾಲಿಯಾಗುವಂಥದ್ದಲ್ಲ. ಕೋಟಿನ ಅಳತೆ ಕೊಡಲು ಬಂದ ಪಟೇಲರು ಅಳತೆ ಕೊಟ್ಟಾದ ಮೇಲೂ ಎಲೆಯಡಿಕೆ ಮೆಲ್ಲುತ್ತ ಕೂತಿದ್ದರು. ಪಕ್ಕದ ಕೊಡೆ ರಿಪೇರಿಯವನು ಎಂದಿನಂತೆ ತನ್ನ ಕೆಲಸ ಬಿಟ್ಟು ನನ್ನ ಕೆಲಸ ನೋಡುತ್ತಿದ್ದ. ಬಟ್ಲರ್ ಕಾದು ಕಾದು ಸೋತು ಗಂಟು ಬಿಚ್ಚಿದ.

ದಪ್ಪ ಬಟ್ಟೆಯ ಒಂದು ಅಗಲವಾದ ಪಟ್ಟಿ. ಬೆನ್ನಿನ ಕಡೆ ಸಾಲಾಗಿ ತೂತುಗಳು, ತೂತುಗಳಿಗೆ ದಾರ. ಮೇಲಿಂದ ಕೆಳಗೆ ಗೂಡು ಹೊಲಿದು, ಒಂದೊಂದು ಗೂಡಿನಲ್ಲೂ ಉಕ್ಕಿನ ಚಪ್ಪಟೆ ಪಟ್ಟಿ ತೂರಿಸಿದ್ದರು. ಕೊಡಗಿನ ಮಳೆಗೆ ತುಕ್ಕು ಹಿಡಿದು ಎರಡು ಮುರಿದೇ ಹೋಗಿದ್ದವು.

"ಮೀನ್ ಹಿಡಿಯೋ ಕೂಳಿ ಕಣ್ರೀ ಇದು," ಅಂದ ಕೊಡೆಯವನು.

"ಕೂಳಿಗೆ ದಾರ ಯಾಕ್ಲಾ? ಹೊಸ ಹೋರಿ ಪಳಗ್ಸುವಾಗ ಎದೆಗೆ ಕಟ್ಟೋದು," ಅಂದರು ಪಟೇಲರು.

ಬಟ್ಲರ್ ನೆಲ ನೋಡುತ್ತ ಹೇಳಿದ: "ಅದು ಕಾರ್ಸೆಟ್ಟು. ಅಮ್ಮಾವರು ಒಳಗಡೆ ಕಟ್ಕೊಳ್ಳೋದು. ಸೊಂಟ ಸಣ್ಣ ಕಾಣ್ಲಿ ಅಂತ."

ಪಟೇಲರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದರು. "ಅದ್ಕೆ ಇಷ್ಟೊಂದು ಕಬ್ಬಿಣ ಯಾಕಪ್ಪ? ಒಂದೊತ್ತು ಊಟ ಬುಟ್ರೆ ಆಗಿತ್ತಲ್ಲ."

"ಅದನ್ನ ತಾವೇ ಬಂದು ಹೇಳಿ ಸ್ವಾಮಿ," ಅಂದ ಬಟ್ಲರ್. "ನಾನು ಗೇಟಿನ ಹೊರಗೆ ನಿಂತಿರ್ತೀನಿ."

೨. ಮೂಳೆ ಬೇಡ

ದೊರೆಸಾನಿಯ ಅಪ್ಪಣೆ ಸ್ಪಷ್ಟವಾಗಿತ್ತು. ಮೈಗೆ ಆಸರೆ ಕೊಡಬೇಕು, ಬಾಗಿದರೆ ತಾನೂ ಬಾಗಬೇಕು, ಚುಚ್ಚಬಾರದು, ತುಕ್ಕು ಹಿಡಿಯಬಾರದು. ಬಟ್ಲರ್ ಇದನ್ನು ಒಪ್ಪಿಸುತ್ತಿದ್ದಾಗ ನನ್ನ ತಲೆಯಲ್ಲಿದ್ದದ್ದು ದೊರೆಸಾನಿಯಲ್ಲ, ನನ್ನ ಅಕ್ಕ.

ಅಕ್ಕನನ್ನು ಗಾವಡಗೆರೆಗೆ ಕೊಟ್ಟಿತ್ತು. ತಾಯಿಯಿಲ್ಲದ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಹಿಂದಿನ ಸುಗ್ಗಿಯಲ್ಲಿ ಅಟ್ಟದ ಏಣಿಯಿಂದ ಜಾರಿ ಬಿದ್ದು ಬೆನ್ನು ಹಿಡಿದುಕೊಂಡಿತ್ತು. ಮೂಳೆ ಮುರಿದಿಲ್ಲ, ಬೆನ್ನಿಗೆ ಆಸರೆ ಬೇಕು ಎಂದು ಡಾಕ್ಟರು ಹೇಳಿದ್ದರು. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿದರು. ದಬ್ಬೆ ಇದ್ದರೆ ನಿಲ್ಲಬಹುದು, ಕೂರುವಂತಿಲ್ಲ. ದಬ್ಬೆ ಬಿಚ್ಚಿದರೆ ಕೂರಬಹುದು, ಆದರೆ ಸ್ವಲ್ಪ ಹೊತ್ತಿಗೇ ಸೊಂಟ ಕುಸಿದು ಮಲಗಬೇಕು.

ಆ ವೈಶಾಖದಲ್ಲಿ ಅವಳ ಒಬ್ಬಳೇ ಮಗಳ ಮದುವೆ. ಹಸೆಯ ಮೇಲೆ ಗಂಡನ ಜೊತೆ ಕೂತು ಧಾರೆಯೆರೆಯಬೇಕಾದವಳು ಅಕ್ಕ. ಅವಳಿಗೆ ಆಗದಿದ್ದರೆ ಭಾವನ ತಮ್ಮ ಮತ್ತು ಅವನ ಹೆಂಡತಿ ಕೂರುವುದೆಂದು ಹಿರಿಯರು ಆಗಲೇ ಮಾತಾಡಿಕೊಂಡಿದ್ದರು. ಆ ತಮ್ಮನ ಹೆಂಡತಿ, ಎಂದರೆ ಅಕ್ಕನ ವಾರಗಿತ್ತಿ, ಅವತ್ತು ಉಡುವ ಸೀರೆಯನ್ನೂ ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ್ದಳು. ಆ ಸೀರೆ ಬಿಸಿಲಿನಲ್ಲಿದ್ದಷ್ಟು ಹೊತ್ತೂ ಅಕ್ಕ ಕಿಟಕಿಯಿಂದ ಅದನ್ನೇ ನೋಡಿದಳಂತೆ.

"ಅವ್ಳು ಹಾಲು ಎರೀತಾಳೆ, ನಾನು ಒಳಮನೇಲಿ ಮಲೀಕಂಡು ಓಲಗ ಕೇಳ್ಬೇಕಾ?" ಅಂದಳು ನನಗೆ. "ಅದೊಂದು ಆಗಕಿಲ್ಲ ಕಣ್ಲಾ. ಏನಾದ್ರೂ ಮಾಡು."

ಬಟ್ಲರ್ ಮಾದರಿಗೆಂದು ಇನ್ನೊಂದು ಹಳೆಯ ಕಾರ್ಸೆಟ್ಟನ್ನೂ ಕೊಟ್ಟುಹೋಗಿದ್ದ. ಅದರೊಳಗೆ ಉಕ್ಕಿಲ್ಲ, ಕಪ್ಪಗೆ ಕೊಂಬಿನಂಥ ಕಡ್ಡಿಗಳು. ಬಾಗಿಸಿದರೆ ಬಾಗುತ್ತಿದ್ದವು, ಬಿಟ್ಟರೆ ನೆಟ್ಟಗಾಗುತ್ತಿದ್ದವು. ಖುಷಿಯಾಗಿ ಒಂದನ್ನು ಗಾವಡಗೆರೆಗೆ ಒಯ್ದು ಅಕ್ಕನ ಕೈಗಿಟ್ಟೆ.

"ಚೆನ್ನಾಗದೆ. ಏನ್ಲಾ ಇದು?"

"ತಿಮಿಂಗಿಲದ ಬಾಯಿಂದ ತೆಗೆದಿದ್ದಂತೆ."

ಅಕ್ಕ ಅದನ್ನು ಕೆಳಗಿಟ್ಟಳು. "ಧಾರೆ ದಿನ ಮೀನು ಕಟ್ಕಂಡು ಹಸೆ ಮೇಲೆ ಕುಂತ್ಕಳನಾ?"

"ಅದು ಮೀನಲ್ಲ ಕಣಕ್ಕ. ಹಸು ಹಾಗೆ ಮರಿಗೆ ಹಾಲು ಕುಡಿಸ್ತದಂತೆ. ಬಟ್ಲರ್ ಹೇಳ್ದ."

ಈಗ ಅಕ್ಕ ಅದನ್ನು ಕಾಲಿನಿಂದ ದೂರ ತಳ್ಳಿದಳು. "ಹಾಲು ಕೊಡೋ ಪ್ರಾಣಿ ಬಾಯಿಗೆ ಕೈ ಹಾಕಿ ಮೂಳೆ ಕಿತ್ರಾ? ಮೀನೇ ವಾಸಿಯಾಗಿತ್ತು."

೩. ಕೊಡೆ ಕಡ್ಡಿ

ಕೊಡೆ ರಿಪೇರಿಯವನ ಹತ್ತಿರ ಸತ್ತ ಕೊಡೆಗಳ ಕಡ್ಡಿ ಒಂದು ಕಟ್ಟು ಇತ್ತು. "ಕಬ್ಬಿಣ ತಾನೆ ಬೇಕು? ತಗಳಿ, ಇದು ಮಳೇಗೂ ಜಗ್ಗಕಿಲ್ಲ," ಎಂದು ಧಾರಾಳವಾಗಿ ಕೊಟ್ಟ. ಅಳತೆಗೆ ಕತ್ತರಿಸಿ, ಒಂದು ಪಟ್ಟಿ ಹೊಲಿದು, ಗೂಡಿಗೆ ಒಂದರಂತೆ ತೂರಿಸಿದೆ. ಇನ್ನೊಬ್ಬರ ಮೈಮೇಲೆ ಹಾಕುವ ಮೊದಲು ನನ್ನ ಮೈಮೇಲೆ ಹಾಕಿ ನೋಡುವುದು ನನ್ನ ಪದ್ಧತಿ. ಅಂಗಿಯೊಳಗೆ ಬಿಗಿದುಕೊಂಡೆ. ನಿಂತರೆ ಬಹಳ ಚೆನ್ನಾಗಿತ್ತು. ಜೀವನದಲ್ಲಿ ಮೊದಲ ಸಲ ನಾನು ಎತ್ತರದ ಮನುಷ್ಯನ ಹಾಗೆ ಕಂಡೆ.

ಹಾಗೆಯೇ ಅಮಲ್ದಾರರ ಮನೆಗೆ ಅಳತೆಗೆ ಹೋದೆ. ಕೋಟಿನ ಅಳತೆ ಸಲೀಸಾಗಿ ಮುಗಿಯಿತು. ಷರಾಯಿಯ ಉದ್ದ ನೋಡಲು ಬಗ್ಗಿದೆ. ಬೆನ್ನ ಹಿಂದೆ ಟಪ್ ಎಂದಿತು. ಕಡ್ಡಿಯೊಂದು ಗೂಡು ಹರಿದುಕೊಂಡು, ಅಂಗಿಯ ಕಾಲರಿನಿಂದ ಮೇಲೆದ್ದು ನನ್ನ ಕಿವಿಯ ಪಕ್ಕ ನಿಂತಿತು. ಅದರ ತುದಿಯಲ್ಲಿ ಕೊಡೆಯ ಕಪ್ಪು ಬಟ್ಟೆಯ ಚೂರು ಇನ್ನೂ ನೇತಾಡುತ್ತಿತ್ತು.

ಅಮಲ್ದಾರರು ದೊಡ್ಡ ಮನುಷ್ಯರು. ನಗಲಿಲ್ಲ, ಗದರಲಿಲ್ಲ. ಕಡ್ಡಿಯನ್ನೊಮ್ಮೆ, ಕಿಟಕಿಯಾಚೆ ಆಕಾಶವನ್ನೊಮ್ಮೆ ನೋಡಿದರು.

"ಏನಯ್ಯ, ಮಳೆ ಬರೋ ಹಾಗಿದೆಯಾ?"

೪. ಬಲೆಗೆ ಬಿದ್ದವರು

ಅದೇ ಅಮಲ್ದಾರರು ಪೇಟದ ಅಂಚಿನ ಸರಿಗೆ ಬಿಚ್ಚಿದೆ, ಹೊಲಿದುಕೊಡು ಎಂದು ಕಳಿಸಿದರು. ಹೊಲಿಯಬೇಕಾದವನು ನಾನು ಸರಿಗೆಯನ್ನು ಇನ್ನೊಂದು ಗೇಣು ಬಿಚ್ಚಿದೆ. ಚಾಳಿ ಎಂದೆನಲ್ಲ. ನೋಡಿದರೆ, ರೇಷ್ಮೆಯ ಎಳೆಯ ಸುತ್ತ ಲೋಹದ ಎಳೆ ಒತ್ತೊತ್ತಾಗಿ ಸುತ್ತಿಕೊಂಡಿದೆ. ಅತ್ತ ಬಾಗುತ್ತದೆ, ಇತ್ತ ಬಾಗುತ್ತದೆ, ಮುರಿಯುವುದಿಲ್ಲ. ಇಪ್ಪತ್ತು ವರ್ಷದಿಂದ ಸರಿಗೆ ಹೊಲಿಯುತ್ತಿದ್ದೆ, ಇದು ಕಣ್ಣಿಗೆ ಬಿದ್ದಿರಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಕೂಡಲೇ ಕೊಡೆ ಕಡ್ಡಿಯ ಮೇಲೆ ತಂತಿ ಸುತ್ತಿ, ಕಡ್ಡಿ ಎಳೆದು, ಉಳಿದ ಸುರುಳಿಯನ್ನು ಮರದ ಕೊಡತಿಯಿಂದ ತಟ್ಟಿ ಚಪ್ಪಟೆ ಮಾಡಿದೆ. ಎಲ್ಲ ಕಡೆಗೂ ಬಾಗಿತು. ಆದರೆ ಪೇಟೆಯಲ್ಲಿ ಸಿಗುವ ತಂತಿ ಮೆತ್ತಗೆ, ಬಾಗಿದರೆ ಬಾಗಿದಂತೆಯೇ ಇರುತ್ತಿತ್ತು. ಪುಟಿಯುವ ತಂತಿ ಬೇಕಾಗಿತ್ತು. ಅಂಥದ್ದು ವೀರನಹೊಸಹಳ್ಳಿಯ ಒಬ್ಬ ಮುದುಕನ ಹತ್ತಿರ ಇದೆ ಎಂದು ಯಾರೋ ಹೇಳಿದರು. ವಯಸ್ಸಿನಲ್ಲಿ ಕಾಡುಹಂದಿಗೆ ಉರುಲು ಹಾಕುತ್ತಿದ್ದವನಂತೆ. ಹೋಗಿ ಕೇಳಿದೆ. ಒಂದು ಸುತ್ತು ತಂತಿ ಕೊಟ್ಟು, "ದೊಡ್ಡ ಹಂದಿನೂ ತಡೀತದೆ" ಎಂದು ಭರವಸೆ ಕೊಟ್ಟ. ಈ ಮಾತು ದೊರೆಸಾನಿಗೆ ಇವತ್ತಿಗೂ ಗೊತ್ತಿಲ್ಲ.

ಹಿಂತಿರುಗುವಾಗ ಕಾಡಿನಂಚಿನಲ್ಲಿ ಫಾರೆಸ್ಟ್ ಗಾರ್ಡು ಹಿಡಿದ. ಒಂದು ಕೈಯಲ್ಲಿ ಉರುಲಿನ ತಂತಿ. ಇನ್ನೊಂದರಲ್ಲಿ, ತಂತಿ ಗೂಡಿಗೆ ಹಿಡಿಯುತ್ತದೋ ನೋಡಲು ಒಯ್ದಿದ್ದ ಅರ್ಧ ಹೊಲಿದ ಕಾರ್ಸೆಟ್ಟು.

"ಇದ್ಯಾವ ಪ್ರಾಣಿ ಹಿಡಿಯೋದು?"

"ಪ್ರಾಣಿಗಲ್ಲಪ್ಪ, ದೊರೆಸಾನಿಗೆ."

"ದೊರೆಸಾನೀನ ಯಾಕೋ ಹಿಡೀತೀಯ?" ಎಂದು ತೋಳು ಹಿಡಿದು ರೇಂಜರ ಮುಂದೆ ನಿಲ್ಲಿಸಿದ. ಪ್ರಾಣಿ ಇದರಲ್ಲಿ ಹೇಗೆ ಸಿಕ್ಕಿಬೀಳುತ್ತದೆ ಎಂದು ಸಾಹೇಬರಿಗೆ ತೋರಿಸಲು ತಾನೇ ಅದನ್ನು ಎದೆಗೆ ಸುತ್ತಿಕೊಂಡು ದಾರ ಜಗ್ಗಿದ. ಗಂಟು ಬಿಗಿಯಿತು. ಬಿಚ್ಚಲು ಜಗ್ಗಿದಷ್ಟೂ ಬಿಗಿಯಿತು. ಅವನ ಮುಖ ಕೆಂಪಾಯಿತು, ಮಾತು ನಿಂತಿತು. ನಾನೇ ಕತ್ತರಿ ತೆಗೆದು ದಾರ ಕತ್ತರಿಸಿ ಅವನನ್ನು ಬಿಡಿಸಬೇಕಾಯಿತು.

ರೇಂಜರು ಮೈಸೂರಿನಲ್ಲಿ ಓದಿದವರು, ಅಂಗಡಿಗಳ ಗಾಜಿನೊಳಗೆ ಇಂಥದ್ದನ್ನು ನೋಡಿದ್ದರೆಂದು ಕಾಣುತ್ತದೆ. ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟು ಗಾರ್ಡಿಗೆ ಹೇಳಿದರು: "ಇದು ನಮ್ಮ ಇಲಾಖೆಗೆ ಬರೋದಿಲ್ಲ. ನೀನೂ ಮನೇಲಿ ಹೇಳಕ್ಕೆ ಹೋಗಬೇಡ."

೫. ಊಟದ ಪರೀಕ್ಷೆ

ಹಂದಿ ತಂತಿಯ ಸುರುಳಿ ಬಲು ಚೆನ್ನಾಗಿ ಬಂತು. ತುದಿ ಚುಚ್ಚದಂತೆ ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ ಟೋಪಿ ಹಾಕಿದೆ. ಇನ್ನು ನೋಡಬೇಕಾದ್ದು ಒಂದೇ: ಇದನ್ನು ಕಟ್ಟಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದಕ್ಕೆ ಬಗ್ಗಿ ಕೆಲಸ ಮಾಡಲಾಗುತ್ತದೆಯೋ ಇಲ್ಲವೋ. ಧಾರೆಯ ದಿನ ಅಕ್ಕ ಮಾಡಬೇಕಾದ್ದೂ ಅದನ್ನೇ. ಗಾವಡಗೆರೆಯಲ್ಲೇ ಒಬ್ಬರ ಗೃಹಪ್ರವೇಶವಿತ್ತು. ಕಟ್ಟಿಕೊಂಡು ಪಂಕ್ತಿಯಲ್ಲಿ ಕೂತೆ.

ಎಲೆಗೆ ಬಗ್ಗಿದೆ. ಬಾಗಿತು. ಪಕ್ಕದವರ ಕಡೆಗೆ ತಿರುಗಿದೆ. ತಿರುಗಿತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ನಾಲ್ಕು ತುತ್ತು ಉಂಡೆ, ಐದನೆಯದು ಇಳಿಯಲಿಲ್ಲ. ಸೊಂಟ ಸಣ್ಣದಾಗಲೆಂದು ಮಾಡಿದ ವಸ್ತು ಅಲ್ಲವೇ, ತನ್ನ ಕೆಲಸ ತಾನು ಮಾಡುತ್ತಿತ್ತು.

ಬಡಿಸುತ್ತಿದ್ದ ಅಕ್ಕನ ವಾರಗಿತ್ತಿ ಎಲೆ ನೋಡಿ, "ಪ್ಯಾಟೆಯೋರ್ಗೆ ನಮ್ ಸಾರು ಹಿಡಿಸಕಿಲ್ಲ ಬುಡಿ" ಅಂದಳು. ಇಡೀ ಪಂಕ್ತಿ ನನ್ನ ಕಡೆ ತಿರುಗಿತು.

"ಸಾರು ಚೆನ್ನಾಗದೆ ಚಿಕ್ಕಕ್ಕ. ಜಾಗ ಇಲ್ಲ," ಅಂದೆ.

ಪಕ್ಕದಲ್ಲಿ ಕೂತಿದ್ದ ಯಜಮಾನರು ರಾಗಿ ಅಳೆದು ಅಳೆದು ಅನುಭವ ಇದ್ದವರು. "ಜಾಗ ಇಲ್ದೆ ಎಲ್ಲಿಗೋಯ್ತದೆ? ಮೂಟೆ ತುಂಬ್ದಾಗ ಏನ್ ಮಾಡ್ತೀವಿ? ಕುಲುಕ್ತೀವಿ" ಎಂದು ನನ್ನ ಎರಡೂ ಭುಜ ಹಿಡಿದು ಕುಲುಕಿಯೇಬಿಟ್ಟರು. ಒಳಗೆ ತಂತಿಗಳೆಲ್ಲ ಝಣಝಣ ಅಂದವು. ಒಂದು ತಗಡಿನ ಟೋಪಿ ಕಳಚಿ, ಅಂಗಿಯಿಂದ ಜಾರಿ ಠಣ್ಣೆಂದು ಎಲೆಯ ಮೇಲೆ ಬಿತ್ತು.

ಯಜಮಾನರು ಅದನ್ನೆತ್ತಿ ತಿರುಗಿಸಿ ನೋಡಿ, ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು: "ಪಾಪ, ಇವ್ನು ಉಣ್ದೆ ಇದ್ದುದ್ದು ಸರಿಯಾಗದೆ ಕಣವ್ವ. ನಿಮ್ ಸಾರಲ್ಲಿ ತಗಡದೆ."

೬. ಕರ್ಚೀಫು

ಕುಲುಕಿಸಿಕೊಂಡದ್ದು ನಷ್ಟವಾಗಲಿಲ್ಲ. ಒಂಟಿ ಸುರುಳಿ ಕುಲುಕಿದರೆ ಹಿಗ್ಗುತ್ತದೆ ಎಂದು ಗೊತ್ತಾಯಿತು. ಎರಡು ಸುರುಳಿಗಳನ್ನು ಒಂದರೊಳಗೊಂದು ಹೆಣೆದು ತಟ್ಟಿದೆ, ಹಿಗ್ಗುವುದು ನಿಂತಿತು. ಹೊಟ್ಟೆಯ ಹತ್ತಿರದ ತಂತಿಗಳನ್ನು ಗಿಡ್ಡ ಮಾಡಿದೆ, ಊಟಕ್ಕೆ ಜಾಗವಾಯಿತು. ತುಕ್ಕು ಹಿಡಿಯದ ಹಾಗೆ ಕಲಾಯಿಯವನ ಹತ್ತಿರ ತವರ ಹೊಯ್ಸಿದೆ. ಅದೇ ತಂತಿಯಲ್ಲಿ ಅಕ್ಕನಿಗೊಂದು, ದೊರೆಸಾನಿಗೊಂದು ಹೊಲಿದು, ದೊರೆಸಾನಿಯದನ್ನು ಕಳಿಸಿಕೊಟ್ಟೆ.

ಹದಿನೈದು ದಿನಕ್ಕೆ ಬಟ್ಲರ್ ಮುಖ ಸಣ್ಣ ಮಾಡಿಕೊಂಡು ಬಂದ. ಚುಚ್ಚಿತೇ ಎಂದೆ. ಇಲ್ಲ. ಮುರಿಯಿತೇ? ಇಲ್ಲ.

"ಇಷ್ಟು ವರ್ಷ ಅಮ್ಮಾವರ ಕರ್ಚೀಫು ಬಿದ್ರೆ ಎತ್ತಿಕೊಡೋಕೆ ಪಕ್ಕದಲ್ಲೇ ನಿಂತಿರ್ತಿದ್ದೆ," ಅಂದ. "ನೆರಳಲ್ಲಿ, ಆಳು ಎಳೆಯೋ ಫ್ಯಾನಿನ ಕೆಳಗೆ. ನಿನ್ನೆ ಅವರೇ ಬಗ್ಗಿ ಎತ್ಕೊಂಡ್ರು. ನನ್ನ ಈಗ ಕೋಳಿ ನೋಡ್ಕೊ ಅಂತ ಕಳಿಸಿದಾರೆ."

೭. ಹಸೆಯ ಮೇಲೆ

ಮದುವೆಯ ಬೆಳಿಗ್ಗೆ ಅಕ್ಕನ ಪಟ್ಟಿ ಕಟ್ಟುವ ಕೆಲಸ ಭಾವನದು. ಗಾಡಿಯ ಮೇಲಿನ ಹುಲ್ಲಿಗೆ ಹಗ್ಗ ಬಿಗಿದು ಅಭ್ಯಾಸವಾದವರು ಅವರು. ಒಳಗಿನಿಂದ ಅಕ್ಕನ ದನಿ ಕೇಳಿಸಿತು: "ಮಂಡಿ ತಗೀರಿ ಬೆನ್ ಮ್ಯಾಲಿಂದ. ನಾನೇನು ಹುಲ್ಲಾ?"

ಬಾಗಿಲು ತೆರೆಯಿತು. ವರ್ಷದಿಂದ ಗೋಡೆ ಹಿಡಿದು ನಡೆಯುತ್ತಿದ್ದ ಅಕ್ಕ ಯಾರನ್ನೂ ಹಿಡಿಯದೆ ಹೊರಗೆ ಬಂದಳು. ಸೆರಗಿನ ಕೆಳಗೆ ಪಟ್ಟಿ ಇದೆ ಎಂದು ನನಗೇ ಗೊತ್ತಾಗಲಿಲ್ಲ. ವಾರಗಿತ್ತಿ ಬಿಸಿಲು ಕಾಯಿಸಿದ ಸೀರೆ ಉಟ್ಟು, ಹೂವು ಮುಡಿದು, ಹಾಲಿನ ಗಿಂಡಿಯ ಪಕ್ಕದಲ್ಲೇ ನಿಂತಿದ್ದಳು.

ಅಕ್ಕ ಹಸೆಯ ಮೇಲೆ ಕೂತಳು. ಪುರೋಹಿತರು ಅವಸರದವರಲ್ಲ. ಒಂದು ಗಂಟೆ ಕಳೆಯಿತು. ನಾನು ಸೋದರಮಾವ, ಮದುಮಗಳನ್ನು ಕರೆತರುವ ಹೊತ್ತಾಗುವ ತನಕ ಚಪ್ಪರದ ಕಂಬದ ಹತ್ತಿರ ನಿಂತು ಅಕ್ಕನ ಬೆನ್ನನ್ನೇ ನೋಡುತ್ತಿದ್ದೆ. ನನ್ನಷ್ಟೇ ಗಮನವಿಟ್ಟು ವಾರಗಿತ್ತಿಯೂ ನೋಡುತ್ತಿದ್ದಳು.

"ಅಕ್ಕ, ನೋಯ್ತಿದ್ರೆ ಏಳು. ನಾ ಕುಂತ್ಕತೀನಿ," ಅಂದಳು.

"ಇಲ್ಲ ಕಣವ್ವ."

ಸ್ವಲ್ಪ ಹೊತ್ತಿಗೆ ಮತ್ತೆ: "ಸಂಕೋಚ ಮಾಡ್ಕಬ್ಯಾಡ ಅಕ್ಕ."

"ನನ್ ಮಗಳ ಮದ್ವೇಲಿ ನಂಗ್ಯಾತರ ಸಂಕೋಚ?"

ಗಂಡಿನ ಕಡೆಯವರು ಪಿರಿಯಾಪಟ್ಟಣದ ಹತ್ತಿರದ ಊರಿನವರು. ಗಂಡಿನ ತಾಯಿ ನಿಶ್ಚಿತಾರ್ಥದ ದಿನ ಪಾನಕದಿಂದ ಹಿಡಿದು ಚಾಪೆಯ ತನಕ ಎಲ್ಲದಕ್ಕೂ ಕೊಂಕು ತೆಗೆದಿದ್ದ ಹೆಂಗಸು. ಅವತ್ತು ಅಕ್ಕ ಬೆನ್ನು ನೋವಿಗೆ ಬಗ್ಗಿಕೊಂಡೇ ಅವಳ ಮಾತೆಲ್ಲ ಕೇಳಿಸಿಕೊಂಡಿದ್ದಳು. ಇವತ್ತೂ ಆಕೆ ಸೆರಗು ಸಿಕ್ಕಿಸಿಕೊಂಡು ಹಸೆಯ ಹತ್ತಿರ ಬರುವುದು ಕಂಡಿತು. ಬೀಗಿತ್ತಿ ಬಂದಾಗ ಹೆಣ್ಣಿನ ತಾಯಿ ತಲೆ ತಗ್ಗಿಸಿ, ಮೈ ಬಗ್ಗಿಸಿ ಮಾತಾಡಿಸುವುದು ನಮ್ಮಲ್ಲಿ ವಾಡಿಕೆ. ಅಕ್ಕ ಅಲ್ಲಾಡಲಿಲ್ಲ. ತಂತಿ ಮುರಿಯಬಹುದೆಂದು ಹೆದರಿರಬೇಕು ಅಂದುಕೊಂಡು ನಾನು ಹಿಂದಿನಿಂದ ಪಿಸುಗುಟ್ಟಿದೆ.

"ಬಗ್ಗಕ್ಕ. ತಂತಿ ಬಾಗ್ತದೆ."

"ಗೊತ್ತು ಕಣ್ಲಾ," ಅಂದಳು ತಿರುಗದೆ. "ತಂತಿ ಬಾಗ್ತದೆ. ನಾ ಬಾಗಕಿಲ್ಲ. ಒಂದ್ವರ್ಷ ಬಾಗಿದ್ದು ಸಾಕು."

ಬೀಗಿತ್ತಿ ಎದುರಿಗೆ ನಿಂತಳು. ಎದೆ ಸೆಟೆದು, ಕುತ್ತಿಗೆ ನೆಟ್ಟಗೆ ಇಟ್ಟು, ರೆಪ್ಪೆ ಮಾತ್ರ ಮಿಟುಕಿಸುತ್ತ ಕೂತ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. ಸಿಕ್ಕಿಸಿದ ಸೆರಗು ಬಿಡಿಸಿ ಹೊದ್ದುಕೊಂಡಳು.

"ಏನೂ ಇಲ್ಲ ಕಣವ್ವ. ಎಲ್ಲಾ ಚೆನ್ನಾಗದೆ ಅಂತ ಹೇಳವಾ ಅಂತ ಬಂದೆ," ಎಂದು ಬಂದ ದಾರಿಯಲ್ಲೇ ಹಿಂದಕ್ಕೆ ಹೋದಳು. ಆಮೇಲೆ ಬೀಗರ ಬಿಡಾರದಿಂದ ಒಂದು ದೂರೂ ಬರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ನಾನೇ ಉಂಡಿದ್ದೇನೆ, ಅದು ನಿಜ. ಅವರು ಸುಮ್ಮನೆ ಉಂಡರು.

ಧಾರೆಯ ಹೊತ್ತು ಬಂತು. ವಾರಗಿತ್ತಿ ಗಿಂಡಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡು, ಕೊನೆಗೆ ಅಕ್ಕನಿಗೆ ಕೊಟ್ಟಳು. ಆಗ ಅಕ್ಕ ಬಾಗಿದಳು. ಮಗಳ ಕೈಮೇಲೆ ಹಾಲೆರೆಯಲು ಎಷ್ಟು ಬೇಕೋ ಅಷ್ಟೇ ಬಾಗಿ, ನಿಧಾನವಾಗಿ ನೆಟ್ಟಗಾದಳು. ನಾನು ಅತ್ತೆ. ಸೋದರಮಾವ ಅಳುವುದು ಮದುಮಗಳಿಗಾಗಿ ಎಂದು ಎಲ್ಲರೂ ಸಮಾಧಾನ ಮಾಡಿದರು. ನಾನು ಅತ್ತದ್ದು ಅಕ್ಕನ ಬೆನ್ನಿಗೆ.

ಮದುವೆಯಾಗಿ ಒಂಬತ್ತು ದಿನಕ್ಕೆ ನನ್ನ ಅಂಗಡಿಯ ಮುಂದೆ ಗಾವಡಗೆರೆಯ ಗಾಡಿ ನಿಂತಿತು. ಇಳಿದವಳು ವಾರಗಿತ್ತಿ. ಅತ್ತಿತ್ತ ನೋಡಿ ಒಳಗೆ ಬಂದು, ದನಿ ತಗ್ಗಿಸಿ ಹೇಳಿದಳು: "ಅಕ್ಕಂಗೆ ಮಾಡ್ಕೊಟ್ಯಲ್ಲಪ್ಪ, ಅದು. ನಂಗೂ ಒಂದು ಬೇಕು."

ನನಗೆ ಅಯ್ಯೋ ಅನ್ನಿಸಿತು. ಮದುವೆ ಮನೆಯ ಕೆಲಸವೆಲ್ಲ ಹೊತ್ತು ಮಾಡಿದವಳು ಅವಳೇ ತಾನೆ. ಸ್ಟೂಲು ಹಾಕಿ ಕೂರಿಸಿದೆ. "ಬೆನ್ನು ಎಲ್ಲಿ ನೋಯ್ತದೆ ಚಿಕ್ಕಕ್ಕ? ಮೇಲೋ, ಸೊಂಟದ ಹತ್ರವೋ?"

"ಎಲ್ಲೂ ನೋಯಕಿಲ್ಲ."

"ಮತ್ತೆ ಯಾತಕ್ಕೆ?"

"ಮುಂದಿನ್ ತಿಂಗ್ಳು ನನ್ ಮಗಳ ನೋಡಕ್ಕೆ ಗಂಡಿನೋರು ಬತ್ತಾವ್ರೆ," ಅಂದಳು. "ಅಕ್ಕಂದು ಬಾಗ್ತದಂತಲ್ಲ, ನಂಗೆ ಅಂಥದ್ ಬ್ಯಾಡ. ಬಾಗ್ದೆ ಇರೋದೇ ಹಾಕು."